ಗೊಮ್ಮಟನ ಬಂಡೆ, ಬಳಪದ ಕಲ್ಲು ಮತ್ತು ಸುರಂಗದ ಮೇಲಿನ ಬಾವಿ

ಶಿರಾಡಿ ಘಾಟಿಯಲ್ಲಿ ಹೆದ್ದಾರಿ ಸುರಂಗದ ಮಾತು ಬಂದಾಗಲೆಲ್ಲ ನಮ್ಮ ಹಾಸನದ ಕಡೆ ಯಾರಾದರೊಬ್ಬರು ಹೇಳೋದು ಒಂದೇ, "ನಮ್ಮದು ಗಟ್ಟಿ ಕಲ್ಲು ಬಿಡ್ರೀ, ಕೊರೆದರೆ ಆಯ್ತು". ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಸ್ವಲ್ಪ ಓದಿದ ಮೇಲೆ ಗೊತ್ತಾಯಿತು, ಸುರಂಗಕ್ಕೆ ಬಂಡೆಯ ಗಟ್ಟಿತನಕ್ಕಿಂತ ಅದರ ಬಿರುಕುಗಳೇ ಮುಖ್ಯ ಅಂತ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಕ್ರಿ.ಶ. 981ರ ಸುಮಾರಿಗೆ ಚಾವುಂಡರಾಯ ಗೊಮ್ಮಟನನ್ನು ನಿಲ್ಲಿಸಿದ. ಸುಮಾರು 58 ಅಡಿ, ಒಂದೇ ಗ್ರಾನೈಟ್ ಬಂಡೆ. ಅಷ್ಟೆತ್ತರಕ್ಕೂ ಮೂರ್ತಿಯನ್ನು ಸೀಳಿಬಿಡುವಂಥ ಬಿರುಕಿಲ್ಲದ ಕಲ್ಲನ್ನು ಗುರುತಿಸಿದವರು ಯಾರೋ, ಅವರು ಶಿಲ್ಪಿ ಮಾತ್ರ ಆಗಿರಲಿಲ್ಲ ಅನಿಸುತ್ತದೆ. ಇನ್ನು ಬೇಲೂರು, ಹಳೇಬೀಡು, ನುಗ್ಗೇಹಳ್ಳಿಯ ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಉಳಿಗೆ ಬಗ್ಗುವ ಮೆತ್ತನೆಯ ಬಳಪದ ಕಲ್ಲು. ಹೊಳೆನರಸೀಪುರದ ಸುತ್ತಲೂ ಇಂಥ ಪದರಶಿಲೆಯ ಪಟ್ಟಿಯೇ ಇದೆ, ಭೂವಿಜ್ಞಾನಿಗಳಿಗೆ ಅದು ಬಹಳ ಹೆಸರುವಾಸಿ. ಗೊರೂರಿನ ನೈಸ್ ಶಿಲೆಗೆ ಅವರು ಕಟ್ಟಿದ ವಯಸ್ಸು ಸುಮಾರು 330 ಕೋಟಿ ವರ್ಷ! ಆದರೆ ಶಿಲ್ಪಿಗೆ ವರವಾದ ಬಳಪದ ಕಲ್ಲು ಸುರಂಗದವನಿಗೆ ಶಾಪ. ಪದರದ ಮೇಲೆ ಪದರ ಸೋಪಿನ ಹಾಗೆ ಜಾರುತ್ತದೆ, ನೀರು ಸೇರಿದರಂತೂ ಕೇಳುವುದೇ ಬೇಡ.

ಈ ತಿಳಿವಳಿಕೆಯನ್ನು ಅಂಕಿಗೆ ಇಳಿಸಿದ್ದು ಇತ್ತೀಚೆಗೆ. 1946ರಲ್ಲಿ ಟೆರ್ಜಾಗಿ ಅನ್ನುವವರು ಸುರಂಗದ ಉಕ್ಕಿನ ಕಮಾನುಗಳ ಮೇಲೆ ಎಷ್ಟು ಬಂಡೆಯ ಭಾರ ಬೀಳುತ್ತದೆಂದು ಲೆಕ್ಕ ಕೊಟ್ಟರು. 1960ರ ದಶಕದಲ್ಲಿ ಡೀರ್ ಒಂದು ಸರಳ ಉಪಾಯ ಹೇಳಿದರು: ಬಂಡೆಯೊಳಗೆ ಕೊಳವೆ ಇಳಿಸಿ ಕಲ್ಲಿನ ಕೋಲು ತೆಗೆಯಿರಿ, 10 ಸೆಂ.ಮೀ.ಗಿಂತ ಉದ್ದದ ತುಂಡುಗಳನ್ನಷ್ಟೇ ಕೂಡಿಸಿ ಶೇಕಡಾವಾರು ತೆಗೆಯಿರಿ. 1973ರಲ್ಲಿ ಬಿಯೆನಿಯಾವ್‌ಸ್ಕಿ, 1974ರಲ್ಲಿ ನಾರ್ವೆಯಿಂದ ಬಾರ್ಟನ್ ಮತ್ತು ಸಂಗಡಿಗರು ಇದರ ಮೇಲೆ ಪೂರ್ಣ ಅಂಕಪಟ್ಟಿಗಳನ್ನೇ ಕಟ್ಟಿದರು.

ಬಿಯೆನಿಯಾವ್‌ಸ್ಕಿಯವರು 1989ರಲ್ಲಿ ತಿದ್ದಿದ ಪಟ್ಟಿ ನೋಡಿ. ಒಟ್ಟು 100 ಅಂಕ. ಕಲ್ಲಿನ ಗಟ್ಟಿತನಕ್ಕೆ ಬರೀ 15! ಡೀರ್ ಶೇಕಡಾವಾರಿಗೆ 20, ಬಿರುಕುಗಳ ನಡುವಿನ ಅಂತರಕ್ಕೆ 20, ಬಿರುಕು ಒರಟೋ ನುಣುಪೋ, ಒಳಗೆ ಜೇಡಿಯಿದೆಯೋ ಅನ್ನುವುದಕ್ಕೆ 30. ಉಳಿದ 15 ನೀರಿಗೆ. ಬಿರುಕುಗಳು ಸುರಂಗದ ದಿಕ್ಕಿಗೆ ಹೇಗೆ ಓರೆಯಾಗಿವೆ ಎಂದು ನೋಡಿ ಒಂದಷ್ಟು ಕಳೆಯುತ್ತಾರೆ. 10 ಮೀಟರ್ ಅಗಲದ ಸುರಂಗದಲ್ಲಿ 80ಕ್ಕಿಂತ ಹೆಚ್ಚು ಬಂದರೆ ಅಲ್ಲಲ್ಲಿ ಒಂದೊಂದು ಬೋಲ್ಟ್ ಸಾಕು. 41ರಿಂದ 60 ಬಂದರೆ 4 ಮೀಟರ್ ಉದ್ದದ ಬೋಲ್ಟುಗಳನ್ನು ಒಂದೂವರೆ ಎರಡು ಮೀಟರಿಗೊಂದರಂತೆ ಹೊಡೆದು, ಚಾವಣಿಗೆ 5ರಿಂದ 10 ಸೆಂ.ಮೀ. ದಪ್ಪ ಕಾಂಕ್ರೀಟ್ ಸಿಂಪಡಿಸಬೇಕು. 20ಕ್ಕಿಂತ ಇಳಿದರೆ ಮುಕ್ಕಾಲು ಮೀಟರಿಗೊಂದು ಉಕ್ಕಿನ ಕಮಾನು. ಒಂದೇ ಸುರಂಗದಲ್ಲಿ ನೂರಿನ್ನೂರು ಮೀಟರಿಗೆ ಅಂಕ ಬದಲಾಗಬಹುದು, ಹಾಗಾಗಿ ಕೊರೆಯುತ್ತಾ ಕೊರೆಯುತ್ತಾ ಮತ್ತೆ ಮತ್ತೆ ನೋಡಬೇಕು.

ಈಗ ನನ್ನನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಅದರ ನೀರನ್ನು ತುಮಕೂರಿನ ಕಡೆ ದಾಟಿಸಲು ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಬಾಗೂರು-ನವಿಲೆ ಸುರಂಗ ತೋಡಿದರು, ಹತ್ತಿರ ಹತ್ತಿರ 10 ಕಿ.ಮೀ. ಸುರಂಗವೇನೋ ನಿಂತಿತು, ನೀರೂ ಹರಿಯಿತು. ಆದರೆ ಅದರಿಂದ ನಮ್ಮ ಜಮೀನು ಹಾಳಾಯಿತು, ಬಾವಿಯ ನೀರು ಇಳಿಯಿತು ಎಂದು ಅಲ್ಲಿನ ರೈತರು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆದರು. ಮೇಲಿನ ಅಂಕಪಟ್ಟಿಗೆ ಮತ್ತೆ ಹೋಗಿ. ನೀರಿಗೆ 15 ಅಂಕ ಇದೆ ನಿಜ, ಆದರೆ ಅದು ಸುರಂಗದ ಒಳಗೆ ಜಿನುಗುವ ನೀರು. ಅದು ಎಲ್ಲಿಂದ ಬಂತು, ಯಾರ ಬಾವಿಯದು? ಅದಕ್ಕೆ ಪಟ್ಟಿಯಲ್ಲಿ ಕಾಲಂ ಇಲ್ಲ. ಬಿರುಕಿನ ಗಟ್ಟಿ ಕಲ್ಲಲ್ಲಿ ಬಾವಿಗೆ ನೀರು ಬರುವುದೇ ಆ ಬಿರುಕುಗಳಿಂದ ಅಲ್ಲವೇ? ಕೆಳಗೊಂದು ತೂತು ತೆರೆದರೆ ಅದು ದೊಡ್ಡ ಬಚ್ಚಲೇ.

ಸಕಲೇಶಪುರ-ಸುಬ್ರಹ್ಮಣ್ಯ ರೈಲು ದಾರಿಯಲ್ಲಿ 57 ಸುರಂಗಗಳಿವೆ, ಅದರ ಕಥೆ ಬೇರೆ, ಅಲ್ಲಿ ಬಹುತೇಕ ಕಾಡು. ಶಿರಾಡಿಯಲ್ಲಿ ಮಾರನಹಳ್ಳಿಯಿಂದ ಅಡ್ಡಹೊಳೆವರೆಗೆ ಸುಮಾರು 23 ಕಿ.ಮೀ. ಸುರಂಗ-ಸೇತುವೆಗಳ ದಾರಿ ಹಲವು ಸಲ ಪ್ರಸ್ತಾಪವಾಗಿ ಹಲವು ಸಲ ಬದಲಾಗಿದೆ. ಎಂದಾದರೂ ಕೊರೆಯುವುದಾದರೆ, ಕಲ್ಲಿನ ಕೋಲು ತೆಗೆಯುವ ದಿನವೇ ಆಸುಪಾಸಿನ ಬಾವಿ, ತೋಟದ ಊಟೆಗಳ ನೀರಿನ ಮಟ್ಟವನ್ನೂ ಬರೆದಿಡಲಿ. ಎರಡು ಬೇಸಿಗೆ, ಎರಡು ಮಳೆಗಾಲದ್ದು. ಬಿರುಕು ಕಂಡ ಕಡೆ ಕೊರೆಯುವ ಮೊದಲೇ ಸಿಮೆಂಟ್ ಹಾಲು ತುಂಬಿ ಮುಚ್ಚುವ ಖರ್ಚನ್ನು ಟೆಂಡರಿನಲ್ಲೇ ಹಾಕಲಿ. ಬಾಗೂರಿನ ರೈತನ ಕೈಯಲ್ಲಿ ಅಂಥದೊಂದು ಹಳೆಯ ಲೆಕ್ಕದ ಪುಸ್ತಕ ಇದ್ದಿದ್ದರೆ, ಅವನು ಅಷ್ಟು ವರ್ಷ ಅಲೆಯಬೇಕಿರಲಿಲ್ಲವೇನೋ.