ಕಾಗದದ ಕುದುರೆ, ಕಾಲು ಮೈಲಿಯ ಕುದುರೆ

ಅಶ್ವಶಕ್ತಿ ಎಂದರೇನೆಂದು ಸಿಂಧಘಟ್ಟದ ಸುತ್ತಿನ ರೈತರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕೊಳವೆಬಾವಿಯ ಆಳ ಎಷ್ಟು, ನೀರು ಎಷ್ಟು ಅಡಿಯಲ್ಲಿ ಸಿಕ್ಕಿತು ಎಂದು ತಿಳಿದೊಡನೆಯೇ, ಇದಕ್ಕೆ ಐದು ಎಚ್.ಪಿ. ಸಾಲದು, ಏಳೂವರೆಯದೇ ಆಗಬೇಕು ಎಂದು ಕಾಫಿ ಹೋಟೆಲಿನ ಬೆಂಚಿನ ಮೇಲೇ ತೀರ್ಮಾನವಾಗಿ ಹೋಗುತ್ತದೆ. ತಗಡಿನ ಮೇಲೆ ಒಂದೇ ಅಂಕಿ ಇರುವ ಎರಡು ಮೋಟಾರುಗಳು ಒಂದೇ ಸಮ ನೀರೆತ್ತುವುದಿಲ್ಲವೆಂಬುದೂ ಅವರಿಗೆ ಗೊತ್ತು. ಕಾಗದದ ಮೇಲಿನ ಕುದುರೆ ಬೇರೆ, ಕೆಲಸಕ್ಕೆ ಬರುವ ಕುದುರೆ ಬೇರೆ. ಈ ವ್ಯತ್ಯಾಸವನ್ನೇ ಬಂಡವಾಳ ಮಾಡಿಕೊಂಡು ಒಂದು ದೇಶದ ಮೋಟಾರು ಉದ್ಯಮ ಹತ್ತು ವರ್ಷ ಕುಣಿದ ಕಥೆಯನ್ನೂ, ಅದೇ ಕಾಲದಲ್ಲಿ ನಮ್ಮ ಮೈಸೂರಿನಲ್ಲಿ ನಡೆದ ಇನ್ನೊಂದು ಕಥೆಯನ್ನೂ ವಾಚಕರ ಮುಂದಿಡಬೇಕೆಂದಿದ್ದೇನೆ.

ಅಶ್ವಶಕ್ತಿಯ ಲೆಕ್ಕ ಹುಟ್ಟಿದ್ದೇ ವ್ಯಾಪಾರಕ್ಕಾಗಿ. ತನ್ನ ಉಗಿಯಂತ್ರವು ಎಷ್ಟು ಕುದುರೆಗಳ ದುಡಿಮೆಗೆ ಸಮವೆಂದು ಗಿರಾಕಿಗಳಿಗೆ ಮನಗಾಣಿಸಲು ಜೇಮ್ಸ್ ವ್ಯಾಟನು 550 ಪೌಂಡು ತೂಕವನ್ನು ಒಂದು ಸೆಕೆಂಡಿಗೆ ಒಂದು ಅಡಿ ಎತ್ತುವುದೇ ಒಂದು ಅಶ್ವಶಕ್ತಿ ಎಂದು ಗೊತ್ತುಮಾಡಿದ. ಅಂಗಡಿಯವನ ಅಳತೆಗೆ ಅಂಗಡಿಯವನ ಗುಣ ಸ್ವಲ್ಪ ಅಂಟಿಕೊಂಡಿರುವುದು ಸಹಜವೇ.

ಅಮೆರಿಕದಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಸೈನ್ಯದಿಂದ ಮರಳಿದ ಯುವಕರ ಕೈಯಲ್ಲಿ ಯಂತ್ರದ ತಿಳಿವಳಿಕೆಯೂ ಹಳೆಯ ಕಾರುಗಳೂ ಇದ್ದವು. ದಕ್ಷಿಣ ಕ್ಯಾಲಿಫೋರ್ನಿಯದ ಒಣಗಿದ ಕೆರೆಯಂಗಳಗಳಲ್ಲಿ ಅವರು ಮೊದಲಿನಿಂದಲೂ ಕಾರು ಓಡಿಸುತ್ತಿದ್ದರು. ಊರಿನ ಬೀದಿಗಳಲ್ಲಿಯೂ ಪಂದ್ಯ ಕಟ್ಟಿ ಪೋಲೀಸರಿಗೆ ತಲೆನೋವಾಗಿದ್ದರು. 1950ರಲ್ಲಿ ಸಾಂಟಾ ಆನಾ ಎಂಬಲ್ಲಿ ವಿಮಾನದ ಓಡುದಾರಿಯ ಮೇಲೆಯೇ ಟಿಕೆಟು ಇಟ್ಟು ಪಂದ್ಯ ನಡೆಸುವುದಕ್ಕೆ ಆರಂಭವಾಯಿತು. ಮರುವರ್ಷ ವಾಲಿ ಪಾರ್ಕ್ಸ್ ಎಂಬಾತ ರಾಷ್ಟ್ರೀಯ ಹಾಟ್ ರಾಡ್ ಸಂಘವನ್ನು ಕಟ್ಟಿ, ಬೀದಿಯ ಹುಡುಗರಿಗೆ ನಿಯಮವನ್ನೂ ಶಿರಸ್ತ್ರಾಣವನ್ನೂ ಕಲಿಸಿದ.

ಈ ‘ಡ್ರಾಗ್’ ಪಂದ್ಯದಷ್ಟು ಸರಳವಾದ ಪಂದ್ಯ ಇನ್ನೊಂದಿಲ್ಲ. ಮಂಡ್ಯದ ಕಡೆಯ ಎತ್ತಿನಗಾಡಿ ಓಟವನ್ನು ನೋಡಿದವರಿಗೆ ಅರ್ಥವಾಗುವುದು ಕಷ್ಟವಲ್ಲ. ಎರಡು ಕಾರು ಪಕ್ಕಪಕ್ಕದಲ್ಲಿ ನಿಲ್ಲಬೇಕು. ಸಂಜ್ಞೆ ಸಿಕ್ಕೊಡನೆ ನೆಟ್ಟಗೆ ಓಡಬೇಕು. ಕಾಲು ಮೈಲಿ, ಎಂದರೆ 402 ಮೀಟರು, ಯಾರು ಮೊದಲು ಮುಟ್ಟುತ್ತಾರೋ ಅವರು ಗೆದ್ದರು. ತಿರುವಿಲ್ಲ, ಎರಡನೆಯ ಸುತ್ತಿಲ್ಲ. ಮೊದಲು ಬಾವುಟ ಬೀಸುತ್ತಿದ್ದರು. 1963ರಿಂದ ಸಾಲುದೀಪದ ಕಂಬ ಬಂತು. ಚೀಟಿಯ ಮೇಲೆ ಎರಡು ಅಂಕಿ ಬರೆದುಕೊಡುತ್ತಾರೆ: ಹಿಡಿದ ಕಾಲ, ಕೊನೆಯಲ್ಲಿದ್ದ ವೇಗ. ಬಲ್ಲವರು ಎರಡನ್ನೂ ಬೇರೆಬೇರೆಯಾಗಿ ಓದುತ್ತಾರೆ. ಕೊನೆಯ ವೇಗವು ಎಂಜಿನ್ನಿನ ಬಲವನ್ನು ಹೇಳುತ್ತದೆ; ಹಿಡಿದ ಕಾಲವು ಆ ಬಲದಲ್ಲಿ ಎಷ್ಟು ನೆಲಕ್ಕೆ ಮುಟ್ಟಿತೆಂಬುದನ್ನು ಹೇಳುತ್ತದೆ. ಕೆಸರಿನಲ್ಲಿ ಗೊರಸು ಜಾರಿದರೆ ಎತ್ತು ಎಷ್ಟು ಗಟ್ಟಿಯಾಗಿದ್ದರೇನು? ಅಂದಿನ ಕಾರುಗಳ ಟಯರು ಸಣ್ಣದು, ಹೊರಡುವಾಗಲೇ ಹೊಗೆಯೆಬ್ಬಿಸಿ ಗಿರಗಿರನೆ ತಿರುಗುತ್ತಿತ್ತು.

ಹಿಂದಿನ ಅಚ್ಚಿನ ಹಲ್ಲುಚಕ್ರವೂ ಮುಖ್ಯ. ಆಲೆಮನೆಯಲ್ಲಿ ಎಂಜಿನ್ನಿನ ಚಿಕ್ಕ ರಾಟೆಯಿಂದ ಗಾಣದ ದೊಡ್ಡ ರಾಟೆಗೆ ಬೆಲ್ಟು ಹಾಕುವುದನ್ನು ನೋಡಿದ್ದೀರಲ್ಲವೆ? ಸುತ್ತು ಕಡಿಮೆಯಾಗುತ್ತದೆ, ಕಬ್ಬನ್ನು ಅರೆಯುವ ಬಲ ಹೆಚ್ಚುತ್ತದೆ. ಹಾಗೆಯೇ ಚಕ್ರ ಒಂದು ಸುತ್ತು ಬರಲು ಎಂಜಿನ್ನು ಮೂರು ಸುತ್ತು ಬರುವ ಅಚ್ಚು ದೂರ ಪ್ರಯಾಣಕ್ಕೆ ಲೇಸು. ನಾಲ್ಕಕ್ಕೂ ಹೆಚ್ಚು ಸುತ್ತು ಬರುವುದು ಕಾಲು ಮೈಲಿಗೆ ಲೇಸು. ಅಮೆರಿಕದ ಗಿರಾಕಿ ಕಾರು ಕೊಳ್ಳುವಾಗ ಇದನ್ನೂ ಪಟ್ಟಿಯಲ್ಲಿ ಗುರುತು ಹಾಕಿ ಆರಿಸಿಕೊಳ್ಳಬಹುದಾಗಿತ್ತು.

ಆರಿಸಿಕೊಳ್ಳುವ ಈ ಪಟ್ಟಿಯಿಂದಲೇ ‘ಮಸಲ್ ಕಾರು’ ಹುಟ್ಟಿತು. ನಮ್ಮ ಮೈಸೂರಿನವರಾದರೆ ಜಟ್ಟಿ ಕಾರು ಎಂದು ಹೆಸರಿಡುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ. ಜನರಲ್ ಮೋಟಾರ್ಸ್ ಸಂಸ್ಥೆಯು 1963ರಲ್ಲಿ ಪಂದ್ಯಗಳ ಸಹವಾಸವೇ ಬೇಡವೆಂದು ತನ್ನ ವಿಭಾಗಗಳಿಗೆ ಕಟ್ಟಪ್ಪಣೆ ಮಾಡಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ನು ಕೂಡದೆಂಬ ನಿಯಮವೂ ಇತ್ತು. ಪಾಂಟಿಯಾಕ್ ವಿಭಾಗದ ಎಂಜಿನಿಯರು ಜಾನ್ ಡಿಲೋರಿಯನ್ ಮತ್ತು ಅವನ ಜೊತೆಗಾರರು ಆ ನಿಯಮವನ್ನು ವಕೀಲರಂತೆ ಓದಿದರು. ಕಾರಿಗೆ ಸಹಜವಾಗಿ ಬರುವ ಎಂಜಿನ್ನಿನ ಮಾತು ಅಲ್ಲಿದೆ. ಗಿರಾಕಿಯೇ ಹೆಚ್ಚಿನ ಹಣ ತೆತ್ತು ಕೇಳಿದ ಎಂಜಿನ್ನಿನ ಮಾತು ಇಲ್ಲ! ಹೀಗಾಗಿ 1964ರ ಟೆಂಪೆಸ್ಟ್ ಕಾರಿನ ಪಟ್ಟಿಯಲ್ಲಿ ‘ಜಿ.ಟಿ.ಓ.’ ಎಂಬ ಒಂದು ಸಾಲು ಸೇರಿತು. ಸುಮಾರು 300 ಡಾಲರಿಗೆ 389 ಘನ ಅಂಗುಲದ, 325 ಅಶ್ವಶಕ್ತಿಯ ಎಂಜಿನ್ನು. ಮೂರು ಕಾರ್ಬುರೇಟರು ಬೇಕೆಂದರೆ 348. ಮಾರಾಟದ ಅಧಿಕಾರಿಗಳು 5,000 ಕಾರು ಹೋದರೆ ಹೆಚ್ಚೆಂದುಕೊಂಡಿದ್ದರು. ಮೊದಲ ವರ್ಷವೇ 32,450 ಹೋದವು. ನಮ್ಮ ಅಂಬಾಸಡರಿನ ಎಂಜಿನ್ನು 1,489 ಸಿ.ಸಿ.; ಇದು ಅದರ ನಾಲ್ಕರಷ್ಟಕ್ಕಿಂತ ದೊಡ್ಡದು ಎಂದರೆ ಅಳತೆ ಮನಸ್ಸಿಗೆ ಬಂದೀತು.

ಆ ವರ್ಷವೇ ‘ಕಾರ್ ಅಂಡ್ ಡ್ರೈವರ್’ ಎಂಬ ಪತ್ರಿಕೆ ಈ ಕಾರನ್ನು ಇಟಲಿಯ ಫೆರಾರಿಗೆ ಸರಿಗಟ್ಟಿ ಬರೆದು ದೇಶವನ್ನೇ ಬೆರಗುಗೊಳಿಸಿತು. ಪತ್ರಿಕೆಯವರಿಗೆ ಕೊಟ್ಟ ಕಾರಿನೊಳಗೆ ಇದ್ದುದು 389 ಅಲ್ಲ, ಇನ್ನೂ ದೊಡ್ಡದಾದ 421 ಘನ ಅಂಗುಲದ ಎಂಜಿನ್ನು ಎಂಬುದನ್ನು ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ಎಷ್ಟೋ ವರ್ಷದ ಮೇಲೆ ತಾನೇ ಹೇಳಿಕೊಂಡ.

ಅಲ್ಲಿಂದ ಮುಂದೆ ಅಂಕಿಗಳ ಜಾತ್ರೆ. ಕ್ರೈಸ್ಲರ್ ಸಂಸ್ಥೆಯು ಅರ್ಧಗೋಳದಂತಹ ದಹನಕೋಶದ 426 ಘನ ಅಂಗುಲದ ‘ಹೆಮಿ’ ಎಂಜಿನ್ನನ್ನು ತಂದಿತು. 1964ರ ಡೇಟೋನಾ ಪಂದ್ಯದಲ್ಲಿ ಅದನ್ನು ಹೊತ್ತ ರಿಚರ್ಡ್ ಪೆಟ್ಟಿ ಗೆದ್ದ. ಮರುವರ್ಷ ಪಂದ್ಯದ ಆಡಳಿತದವರು ಅದಕ್ಕೆ ಅಡ್ಡ ಬಂದರು. ಕ್ರೈಸ್ಲರ್ ಮುನಿಸಿಕೊಂಡು ಹಿಂದೆ ಸರಿಯಿತು. ಪೆಟ್ಟಿ ಕಾಲು ಮೈಲಿಯ ಓಟಕ್ಕೆ ಬಂದ. 1965ರ ಫೆಬ್ರವರಿಯಲ್ಲಿ ಜಾರ್ಜಿಯಾದ ಒಂದು ಓಡುದಾರಿಯಲ್ಲಿ ಅವನ ಕಾರು ಹತೋಟಿ ತಪ್ಪಿ ನೋಡುವವರ ನಡುವೆ ನುಗ್ಗಿತು. ಒಬ್ಬ ಹುಡುಗ ಸತ್ತ. ಜಟ್ಟಿ ಕಾರುಗಳ ಗುಣಗಾನ ಮಾಡುವ ಹೊತ್ತಿಗೆಗಳಲ್ಲಿ ಈ ಸಂಗತಿಗೆ ಒಂದು ಸಾಲಿಗಿಂತ ಹೆಚ್ಚಿನ ಜಾಗ ಸಿಕ್ಕುವುದಿಲ್ಲ. 1966ರಲ್ಲಿ ಅದೇ ಹೆಮಿ ಎಂಜಿನ್ನು ಸಾಮಾನ್ಯ ಗಿರಾಕಿಯ ಪಟ್ಟಿಗೂ ಬಂತು.

ಹೆಮಿಗೆ ಕಾಗದದ ಮೇಲೆ 425 ಅಶ್ವಶಕ್ತಿ. ನಿಜವಾಗಿ ಇದ್ದುದು ಹೆಚ್ಚು ಎಂದು ಬಲ್ಲವರ ಮತ. ಇದೇನು ವಿಚಿತ್ರ, ಅಂಗಡಿಯವನು ತೂಕವನ್ನು ಕಡಿಮೆ ಹೇಳುವುದುಂಟೆ ಎಂದು ನೀವು ಕೇಳಬಹುದು. ಉಂಟು. ವಿಮೆಯ ಕಂಪನಿಗಳು ಈ ಅಂಕಿಯನ್ನು ನೋಡಿಯೇ ಕಂತನ್ನು ಏರಿಸುತ್ತಿದ್ದವು. ಓಟದ ಸಂಘದವರೂ ಕಾರಿನ ತೂಕವನ್ನು ಅಶ್ವಶಕ್ತಿಯಿಂದ ಭಾಗಿಸಿ ಅದರ ದರ್ಜೆಯನ್ನು ಗೊತ್ತುಮಾಡುತ್ತಿದ್ದರು. ಕಡಿಮೆ ಬರೆಸಿಕೊಂಡ ಕಾರು ಕೆಳದರ್ಜೆಯಲ್ಲಿ ನಿಂತು ಸುಲಭವಾಗಿ ಗೆಲ್ಲುತ್ತಿತ್ತು! 1970ರಲ್ಲಿ ಷೆವ್ರೊಲೆಯವರು ಷೆವೆಲ್ ಕಾರಿಗೆ 454 ಘನ ಅಂಗುಲದ, 450 ಅಶ್ವಶಕ್ತಿಯ ಎಂಜಿನ್ನನ್ನು ಕೊಟ್ಟರು. ಅದೇ ವರ್ಷದ ಬ್ಯೂಯಿಕ್ ಜಿ.ಎಸ್. ಕಾರಿನ ‘ಸ್ಟೇಜ್ ಒನ್’ ಎಂಜಿನ್ನಿಗೆ ಕಾಗದದಲ್ಲಿ 360 ಮಾತ್ರ. ಆದರೆ ಮೋಟಾರ್ ಟ್ರೆಂಡ್ ಪತ್ರಿಕೆಯವರು ಓಡಿಸಿದಾಗ ಆ ಬ್ಯೂಯಿಕ್ ಕಾಲು ಮೈಲಿಯನ್ನು 13.38 ಸೆಕೆಂಡಿನಲ್ಲಿ ಮುಗಿಸಿತು. ಹೆಚ್ಚಿನ ಅಂಕಿ ಹೊತ್ತ ಎಷ್ಟೋ ಕಾರುಗಳಿಗೆ ಅದು ಆಗಲಿಲ್ಲ. ಕಡಿಮೆ ಸುತ್ತಿನಲ್ಲಿಯೇ ಜಗ್ಗುವ ಬಲ ಅದಕ್ಕೆ ಇತ್ತು. ಹೊರಡುವ ಗಳಿಗೆಗೆ ಬೇಕಾದುದು ಅದೇ.

ಇನ್ನೊಂದು ಉಪಾಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಪೋಲೀಸು, ಟ್ಯಾಕ್ಸಿ ಮೊದಲಾದವರು ಸಗಟಾಗಿ ತರಿಸುವ ಬಂಡಿಗಳಿಗೆಂದು ಷೆವ್ರೊಲೆಯಲ್ಲಿ ‘ಕೋಪೋ’ ಎಂಬ ಪ್ರತ್ಯೇಕ ಇಂಡೆಂಟಿನ ಪದ್ಧತಿ ಇತ್ತು. 1969ರಲ್ಲಿ ಡಾನ್ ಯೆಂಕೊ ಮೊದಲಾದ ಮಾರಾಟಗಾರರು ಅದರ ಮೂಲಕವೇ 427 ಘನ ಅಂಗುಲದ ಎಂಜಿನ್ನುಗಳನ್ನು ಕಮಾರೊ ಎಂಬ ಸಣ್ಣ ಕಾರಿಗೆ ಹಾಕಿಸಿಕೊಂಡರು. ಅದೇ ದಾರಿಯಲ್ಲಿ ಪೂರ್ತಿ ಅಲ್ಯೂಮಿನಿಯಮ್ಮಿನ ಎಂಜಿನ್ನು ಹೊತ್ತ 69 ಕಮಾರೊಗಳೂ ಹೊರಬಂದವು. ಎಂಜಿನ್ನಿನ ಬೆಲೆಯೇ ಕಾರಿನ ಬೆಲೆಯನ್ನು ಮೀರಿದ್ದರಿಂದ ಕೊಳ್ಳುವವರಿಲ್ಲದೆ ಕೆಲವು ಅಂಗಡಿಯಲ್ಲೇ ನಿಂತವು. ಸರ್ಕಾರಿ ಇಂಡೆಂಟಿನ ಸೂಕ್ಷ್ಮಗಳನ್ನು ಬಲ್ಲ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ಮುಗಿಯುವುದು ಬೇಗನೆ ಮುಗಿಯಿತು. 1970ರಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. 1971ರಿಂದ ಎಂಜಿನ್ನುಗಳ ಒತ್ತಡವನ್ನು ಇಳಿಸಿದರು. 1972ರಲ್ಲಿ ಅಶ್ವಶಕ್ತಿಯನ್ನು ಅಳೆಯುವ ಕ್ರಮವನ್ನೇ ಬದಲಾಯಿಸಿ, ಕಾರಿನೊಳಗೆ ಇರುವಂತೆಯೇ ಅಳೆಯಬೇಕೆಂದರು. ಅಂಕಿಗಳು ಒಂದೇ ಸಲ ಕುಸಿದವು. 1973ರ ಅಕ್ಟೋಬರಿನಲ್ಲಿ ಅರಬ್ಬರು ತೈಲ ನಿಲ್ಲಿಸಿದ ಮೇಲೆ ಜಟ್ಟಿಗೆ ಉಣಬಡಿಸುವವರೇ ಇಲ್ಲವಾದರು. 1974ರಲ್ಲಿ ಜಿ.ಟಿ.ಓ. ನಿಂತುಹೋಯಿತು.

ಅಮೆರಿಕದಲ್ಲಿ ಒಂದು ಕಾರಿಗೆ ಹತ್ತು ಎಂಜಿನ್ನು ದೊರೆಯುತ್ತಿದ್ದ ಈ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಯಾವ ಕಾರ್ಖಾನೆ ಏನನ್ನು ಎಷ್ಟು ತಯಾರಿಸಬೇಕೆಂಬುದು 1951ರ ಕೈಗಾರಿಕಾ ಕಾಯಿದೆಯ ಪರವಾನಗಿಗೆ ಸೇರಿದ ಮಾತಾಗಿತ್ತು. ಕಾರು ನಮ್ಮ ಯುವಕರಿಗೆ ದೂರ. ಅವರ ಆಸೆ ಎರಡು ಚಕ್ರದ ಮೇಲೆ ನಿಂತಿತ್ತು. ಮೈಸೂರಿನ ಸುತ್ತ ಆ ಆಸೆಯ ಹೆಸರು ಜಾವಾ. ಚೆಕೊಸ್ಲೊವಾಕಿಯದ ಯಾನೆಚೆಕ್ ಎಂಬಾತ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಬಂಡಿಯನ್ನು ಕೈಗೆತ್ತಿಕೊಂಡು ಎರಡೂ ಹೆಸರುಗಳ ಮೊದಲ ಅಕ್ಷರಗಳನ್ನು ಕೂಡಿಸಿದ್ದರಿಂದ ಜಾವಾ ಆಯಿತು. ಇಂಡೋನೇಷಿಯದ ದ್ವೀಪಕ್ಕೂ ಇದಕ್ಕೂ ನಂಟಿಲ್ಲ. ರುಸ್ತುಂ ಇರಾನಿ, ಫಾರೂಕ್ ಇರಾನಿ ಅವರು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯನ್ನು ಕಟ್ಟಿದರು. 1961ರಲ್ಲಿ ಬಂಡಿಗಳು ಹೊರಬಂದವು. ಜಯಚಾಮರಾಜ ಒಡೆಯರ ಬೆಂಬಲ ಅದಕ್ಕಿತ್ತು. ಆಕಾಶವಾಣಿಯ ಮೈಸೂರು ಕೇಂದ್ರವಿರುವುದೂ ಯಾದವಗಿರಿಯಲ್ಲಿಯೇ; ಸಂಗೀತವೂ ಸೈಲೆನ್ಸರಿನ ಸದ್ದೂ ಎಷ್ಟೋ ವರ್ಷ ನೆರೆಹೊರೆಯಾಗಿದ್ದವು.

ಇಲ್ಲಿ ಕಥೆ ತಿರುಗುಮುರುಗು. ಅಲ್ಲಿ ಒಂದು ಕಾರಿಗೆ ಹತ್ತು ಎಂಜಿನ್ನಾದರೆ, ಇಲ್ಲಿ ಒಂದು ಎಂಜಿನ್ನಿಗೆ ಹತ್ತು ಹೆಸರು. 60 ಸಿ.ಸಿ., 175 ಸಿ.ಸಿ. ಬಂಡಿಗಳೂ, 1980ರ ದಶಕದಲ್ಲಿ ಸ್ವಲ್ಪ ಕಾಲ 350ರ ಅವಳಿ ಸಿಲಿಂಡರಿನದೂ ಬಂದದ್ದುಂಟು. ಆದರೆ ಕಾರ್ಖಾನೆಯ ಜೀವವೆಲ್ಲ 250 ಸಿ.ಸಿ. ಎಂದು ಕರೆಯುವ ಒಂಟಿ ಸಿಲಿಂಡರಿನಲ್ಲಿತ್ತು. ಜಾವಾ ಹೆಸರಿನ ಒಪ್ಪಂದ ತೀರಿ 1973ರಿಂದ ಯೆಜ್ಡಿ ಎಂದಾಯಿತು. ಕ್ಲಾಸಿಕ್, ಡೀಲಕ್ಸ್, ಮೊನಾರ್ಕ್, 1978ರಲ್ಲಿ ರೋಡ್‌ಕಿಂಗ್ ಎಂದು ಪಟ್ಟಿ ಬೆಳೆಯಿತು. ಕವಾಟಗಳಿಲ್ಲ, ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ, ಒದ್ದು ಹೊರಡಿಸುವ ಸನ್ನೆಯೇ ಗೇರಿನ ಸನ್ನೆ. ಮೊದಲ ಜಾವಾಕ್ಕೆ ಸುಮಾರು 12 ಅಶ್ವಶಕ್ತಿ, ರೋಡ್‌ಕಿಂಗಿಗೆ 16. ರೋಡ್‌ಕಿಂಗಿನ ತೂಕ ಸುಮಾರು 140 ಕಿಲೋ. 70 ಕಿಲೋ ಸವಾರನನ್ನು ಸೇರಿಸಿದರೆ ಒಂದು ಕುದುರೆಯ ಪಾಲಿಗೆ 13 ಕಿಲೋ ಬಂತು. ಜಿ.ಟಿ.ಓ. ಕಾರಿನಲ್ಲಿ ಅದು 5 ಕಿಲೋ, ಅಂಕಿಯನ್ನು ನಂಬುವುದಾದರೆ.

ಪಟ್ಟಿಯಲ್ಲಿ ಆರಿಸಿಕೊಳ್ಳುವ ಭಾಗ್ಯವಿಲ್ಲದವನು ಅರವನ್ನು ಹಿಡಿಯಬೇಕಾಯಿತು. ಎರಡು ಹೊಡೆತದ ಎಂಜಿನ್ನಿನಲ್ಲಿ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳೇ ಕವಾಟದ ಕೆಲಸ ಮಾಡುತ್ತವೆ. ಕಿಂಡಿಯ ಮೇಲಂಚನ್ನು ಒಂದಿಷ್ಟು ಅರದಿಂದ ತೀಡಿದರೆ ಹೊಗೆ ಬೇಗ ಹೊರಡುತ್ತದೆ, ಹೆಚ್ಚು ಸುತ್ತಿನಲ್ಲಿ ಬಲ ಬರುತ್ತದೆ, ಕಡಿಮೆ ಸುತ್ತಿನ ಜಗ್ಗು ಹೋಗುತ್ತದೆ. ತಲೆಯನ್ನು ಕಡಸಲಿನಲ್ಲಿ ಸವೆಸಿದರೆ ಒತ್ತಡ ಏರುತ್ತದೆ. ಹಿಂದಿನ ಚೈನುಚಕ್ರಕ್ಕೆ ಎರಡು ಹಲ್ಲು ಹೆಚ್ಚಿಸಿದರೆ ಆಲೆಮನೆಯ ರಾಟೆಯ ಲೆಕ್ಕವೇ. ಮದರಾಸಿನ ಉತ್ತರಕ್ಕಿರುವ ಶೋಲಾವರದಲ್ಲಿ, ಇಲ್ಲಿಯೂ ಯುದ್ಧಕಾಲದ ವಿಮಾನದ ಓಡುದಾರಿಯೇ, ಮದರಾಸು ಮೋಟಾರು ಕ್ರೀಡಾ ಸಂಘದವರು ನಡೆಸುತ್ತಿದ್ದ ಪಂದ್ಯಗಳಿಗೆ ಹೀಗೆ ತೀಡಿದ ಜಾವಾ, ಯೆಜ್ಡಿಗಳು ಹೋಗಿ ಸೆಣಸಿದವು. ಕಾರ್ಖಾನೆ ಬರೆದ ಅಂಕಿಗೂ ಅಲ್ಲಿ ಓಡಿದ ಬಂಡಿಗೂ ಸಂಬಂಧ ಕಡಿಮೆ. ಅಮೆರಿಕದವನು ಹಣ ಕೊಟ್ಟು ಪಡೆದುದನ್ನು ನಮ್ಮ ಮೆಕಾನಿಕ್ಕು ಬೆರಳ ತುದಿಯಿಂದ ಪಡೆದ. ನನಗೆ ಹೆಚ್ಚಿನ ಗೌರವ ಇವನ ಮೇಲೆಯೇ.

1985ರಲ್ಲಿ ಯಮಾಹಾ ಆರ್.ಎಕ್ಸ್. 100 ಬಂತು. 98 ಸಿ.ಸಿ., 11 ಅಶ್ವಶಕ್ತಿ, ಸುಮಾರು 100 ಕಿಲೋ. ಎರಡೂವರೆ ಪಟ್ಟು ದೊಡ್ಡದಾದ ಹಳೆಯ ಜಾವಾದ ಬಲವನ್ನು ಹತ್ತಿರಹತ್ತಿರ ಮುಟ್ಟಿದ ಈ ಸಣ್ಣ ಬಂಡಿ ನಿಂತಲ್ಲಿಂದ ಹೊರಡುವುದರಲ್ಲಿ ದೊಡ್ಡವರಿಗೆಲ್ಲ ಬೆನ್ನು ತೋರಿಸಿತು. ಅದೇ ವರ್ಷದ ಹೀರೋ ಹೋಂಡಾ ಓಟಕ್ಕೆ ಬಾರದಿದ್ದರೂ ಪೆಟ್ರೋಲು ಉಳಿಸುವುದರಲ್ಲಿ ಗೆದ್ದಿತು; ಹಳ್ಳಿಯ ಸಂಸಾರಿಗೆ ಅದೇ ಪಂದ್ಯ. ಹೊಗೆಯ ನಿಯಮಗಳು ಬಿಗಿಯಾದ ಕಾಲಕ್ಕೆ, 1996ರಲ್ಲಿ, ಯಾದವಗಿರಿಯ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬುದು 2022ರಲ್ಲಿಯೂ ಮರಳಿ ಬಂದವು. ಬಂಡಿ ತಯಾರಾದುದು ಮಾತ್ರ ಮಧ್ಯಪ್ರದೇಶದ ಪೀತಂಪುರದಲ್ಲಿ.

ಹಳೆಯ ಬಂಡಿಗಳು ಇನ್ನೂ ಇವೆ. ಸಿಂಧಘಟ್ಟದಿಂದ ಪಾಂಡವಪುರ, ಶ್ರೀರಂಗಪಟ್ಟಣಗಳ ಮೇಲೆ ಮೈಸೂರಿಗೆ ಬರುವಾಗ ಆ ಎರಡು ಕೊಳವೆಯ ಸದ್ದು ಕಿವಿಗೆ ಬಿದ್ದರೆ ತಿರುಗಿ ನೋಡಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಶ್ರೀರಂಗಪಟ್ಟಣವನ್ನು ಹಾದು ನೇರವಾಗಿ ಹೋಗುತ್ತದೆ. ಆ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಗೆ ಮೋಟಾರು ಬೈಕುಗಳನ್ನು ಬಿಡುವುದಿಲ್ಲ. ಮೈಸೂರಿನ ಜಾವಾ ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಟ್ರಾಕ್ಟರು ಆಟೋಗಳ ಜೊತೆಯಲ್ಲಿ ಬರುತ್ತದೆ.