ಕಡಲು ದಾಟಿದ ಮೈಸೂರಿನ ಆನೆ

ನಮ್ಮ ನರಸಾಪುರ ಬೆಂಗಳೂರಿಗೂ ಕೋಲಾರಕ್ಕೂ ನಡುವೆ, ಹೆದ್ದಾರಿಯ ಮಗ್ಗುಲಲ್ಲಿರುವ ಊರು. ರಾಗಿಯನ್ನೂ ರೇಷ್ಮೆಯನ್ನೂ ನಂಬಿ ಬದುಕುತ್ತಿದ್ದ ಈ ಸೀಮೆಗೆ 2013ರಲ್ಲಿ ಹೋಂಡಾ ಕಂಪನಿಯವರ ದ್ವಿಚಕ್ರ ವಾಹನಗಳ ಕಾರ್ಖಾನೆ ಬಂದಿತು. ಅಂದಿನಿಂದ ಜಪಾನು ದೇಶದವರ ಮುಖ ನಮಗೆ ತೀರ ಅಪರೂಪದ್ದಾಗಿ ಉಳಿದಿಲ್ಲ. ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಹೆದ್ದಾರಿಯ ಕಾಫಿ ಹೋಟೆಲಿನ ಮುಂದೆ ಕಾರೊಂದು ನಿಂತಿತು. ಜಪಾನಿನ ದಂಪತಿಗಳೂ ನಾಲ್ಕೈದು ವರ್ಷದ ಒಂದು ಮಗುವೂ ಇಳಿದರು. ಅವರ ಹಿಂದೆಯೇ ಕಂದು ಬಣ್ಣದ ಪುಟ್ಟ ನಾಯಿಯೊಂದು ನೆಗೆಯಿತು. ನೆಗೆದದ್ದೇ ಲಾರಿಗಳು ಭರ್ರೆಂದು ಹೋಗುವ ರಸ್ತೆಯ ಕಡೆಗೆ ಓಡಿತು. ನಮ್ಮ ಎದೆ ಧಸಕ್ಕೆಂದಿತು. ಮಗು ಗಟ್ಟಿಯಾಗಿ ಏನೋ ಒಂದು ಮಾತು ಕೂಗಿತು. ನಾಯಿ ಗಕ್ಕನೆ ನಿಂತು, ಹಿಂದಿರುಗಿ ಬಂದು, ಮಗುವಿನ ಕಾಲ ಬಳಿ ಕುಳಿತುಕೊಂಡಿತು. ನನ್ನ ಜೊತೆಯಲ್ಲಿದ್ದ ಎಂಟನೆಯ ತರಗತಿಯ ಹುಡುಗ ಬೆರಗಾಗಿ, “ಸಾರ್, ನಾಯಿಗೂ ಜಪಾನಿ ಬರುತ್ತೆ!” ಎಂದ.

ನಾನು ನಕ್ಕುಬಿಟ್ಟೆ. ಆದರೆ ನಗಬೇಕಾದ ಮಾತೇನೂ ಅದಲ್ಲ. ನನ್ನ ತಂದೆಯವರು ಒಮ್ಮೆ ಪುಂಗನೂರು ಕಡೆಯಿಂದ ಒಂದು ಜೊತೆ ಎತ್ತು ತಂದಿದ್ದರು. ಮನೆಯಲ್ಲಿ ನಾವೆಲ್ಲ ಕನ್ನಡವಾಡುವವರು; ಆದರೂ ತಂದೆಯವರು ಆ ಎತ್ತುಗಳೊಡನೆ ಕೊನೆಯವರೆಗೂ ತೆಲುಗಿನಲ್ಲಿಯೇ ಮಾತನಾಡಿದರು. ಅವಕ್ಕೆ ಕನ್ನಡ ಕಲಿಸುವುದಕ್ಕಿಂತ ತಾವೇ ತೆಲುಗಾಡುವುದು ಸುಲಭವೆಂದು ಅವರು ಹೇಳುತ್ತಿದ್ದರು. ಎರಡು ಭಾಷೆಗಳ ಗಡಿಯಲ್ಲಿ ಬದುಕುವವರಿಗೆ ಇಂಥ ಉದಾರತೆ ತಾನಾಗಿಯೇ ಬರುತ್ತದೆಯೆಂದು ಕಾಣುತ್ತದೆ.

ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಕಟ್ಟಿಕೊಂಡು ಪರದೇಶಕ್ಕೆ ಹೋಗುವುದು ಇಂದಿಗೂ ಸಾಮಾನ್ಯ ಕೆಲಸವಲ್ಲ. ಆ ಪುಟ್ಟ ನಾಯಿಯನ್ನೇ ನೋಡಿ. ಜಪಾನಿನಲ್ಲಿ 1957ರಿಂದ ಈಚೆಗೆ ಹುಚ್ಚುನಾಯಿ ರೋಗವಿಲ್ಲ. ನಮ್ಮಲ್ಲಿ ಇನ್ನೂ ಇದೆ. ಆದಕಾರಣ ಇಲ್ಲಿಂದ ಮರಳಿ ತಾಯ್ನಾಡಿಗೆ ಹೋಗಬೇಕಾದರೆ ನಾಯಿಯ ಚರ್ಮದಡಿಯಲ್ಲಿ ಗುರುತಿನ ಚಿಪ್ಪು ಇರಬೇಕು, ಎರಡು ಸಲ ಚುಚ್ಚುಮದ್ದು ಹಾಕಿಸಿರಬೇಕು, ರಕ್ತಪರೀಕ್ಷೆಯಾಗಿ 180 ದಿನ ಕಳೆದಿರಬೇಕು. ಇಷ್ಟಾಗದಿದ್ದರೆ ಉಳಿದ ದಿನಗಳನ್ನು ಅಲ್ಲಿಯ ತಡೆಮನೆಯಲ್ಲಿ ಕಳೆಯಬೇಕಾದೀತು. ಮಗುವಿಗೆ ಪಾಸ್‌ಪೋರ್ಟೊಂದಿದ್ದರೆ ಸಾಕು. ನಾಯಿಗೆ ಒಂದು ಕಟ್ಟು ಕಾಗದ ಬೇಕು!

ಆ ಹುಡುಗನಿಗೆ ನಾನು ದಾರಿಯುದ್ದಕ್ಕೂ ಹೇಳಿದ ಕಥೆ ಬೇರೆ. ಇದು ಅಲ್ಲಿಂದ ಇಲ್ಲಿಗೆ ಬಂದ ನಾಯಿಯದಲ್ಲ, ಇಲ್ಲಿಂದ ಅಲ್ಲಿಗೆ ಹೋದ ಆನೆಯದು. ಆ ಆನೆಗೆ ಬರುತ್ತಿದ್ದುದು ಕನ್ನಡವೊಂದೇ.

ಕಥೆ ಮೊದಲಾಗುವುದು ಸಾವಿನಿಂದ. ಟೋಕಿಯೋ ನಗರದ ಉಯೆನೊ ಮೃಗಾಲಯದಲ್ಲಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಜಾನ್, ಟೋಂಕಿ, ವಾನ್ಲಿ ಎಂಬ ಮೂರು ಆನೆಗಳಿದ್ದವು. ಮೊದಲೆರಡು ನಮ್ಮ ದೇಶದಿಂದಲೇ ಹೋದವು. ಶತ್ರುವಿಮಾನಗಳು ಬಾಂಬು ಹಾಕಿ ಬೋನುಗಳು ಮುರಿದರೆ ಕ್ರೂರಪ್ರಾಣಿಗಳು ಬೀದಿಗೆ ಬಂದಾವೆಂದು 1943ರ ಆಗಸ್ಟಿನಲ್ಲಿ ಅವುಗಳನ್ನೆಲ್ಲ ಕೊಲ್ಲಬೇಕೆಂದು ಆಜ್ಞೆಯಾಯಿತು. ಟೋಕಿಯೋ ಮೇಲೆ ಭಾರಿ ಬಾಂಬು ದಾಳಿಗಳು ಆಗ ಇನ್ನೂ ಮೊದಲಾಗಿರಲಿಲ್ಲವೆಂಬುದನ್ನು ಮರೆಯಬಾರದು. ಆನೆಗಳು ವಿಷ ಬೆರೆಸಿದ ಆಹಾರವನ್ನು ಮೂಸಿ ಬಿಟ್ಟುಬಿಟ್ಟವು. ಕೊನೆಗೆ ಅವುಗಳನ್ನು ಉಪವಾಸ ಕೆಡವಿ ಸಾಯಿಸಿದರು. ಹಸಿದ ಆನೆಗಳು, ಹಿಂದೆ ಆಟ ತೋರಿಸಿದರೆ ತಿನ್ನಲು ಕೊಡುತ್ತಿದ್ದುದನ್ನು ನೆನೆದು, ಪಾಲಕರ ಮುಂದೆ ತಾವಾಗಿಯೇ ಕಲಿತ ಆಟಗಳನ್ನು ಮಾಡಿ ತೋರಿಸಿದುವಂತೆ. ಸೆಪ್ಟೆಂಬರ್ 4ರಂದು ಸತ್ತ ಪ್ರಾಣಿಗಳಿಗಾಗಿ ಶ್ರದ್ಧಾಂಜಲಿಯ ಸಭೆ ನಡೆಯಿತು. ಆ ದಿನ ಎರಡು ಆನೆಗಳು ಇನ್ನೂ ಬದುಕಿದ್ದವು. ಟೋಂಕಿ ಪ್ರಾಣಬಿಟ್ಟದ್ದು 23ರಂದು. ಹುಡುಗರ ಮುಂದೆ ಈ ಭಾಗವನ್ನು ಹೇಳುವಾಗ ನಾನು ಬೇಗ ಬೇಗ ಹೇಳಿ ಮುಗಿಸುತ್ತೇನೆ. ಬಿಟ್ಟುಬಿಡುವಂತಿಲ್ಲ, ನಿಂತು ಹೇಳುವ ಶಕ್ತಿಯೂ ನನಗಿಲ್ಲ.

ಯುದ್ಧ ಮುಗಿದಾಗ ಇಡೀ ಜಪಾನಿನಲ್ಲಿ ಉಳಿದಿದ್ದ ಆನೆಗಳು ಎರಡೇ. ಅವು ನಗೋಯಾ ನಗರದಲ್ಲಿದ್ದವು. ಯುದ್ಧದ ಹೊಗೆಯಲ್ಲಿ ಹುಟ್ಟಿದ ಟೋಕಿಯೋ ಮಕ್ಕಳು ಆನೆಯನ್ನು ಚಿತ್ರದಲ್ಲಿ ಮಾತ್ರ ಕಂಡವರು. 1949ರಲ್ಲಿ ಉಯೆನೊ ಇರುವ ಟೈಟೊ ವಾರ್ಡಿನ ಮಕ್ಕಳ ಸಭೆಯವರು ನಗೋಯಾದ ಆನೆಗಳಲ್ಲಿ ಒಂದನ್ನು ಎರವಲಾಗಿ ಕೊಡಿರೆಂದು ಕೇಳಲು ಪ್ರತಿನಿಧಿಗಳನ್ನು ಕಳುಹಿಸಿದರು. ಆದರೆ ಆ ಎರಡು ಆನೆಗಳು ಒಂದನ್ನೊಂದು ಅಗಲಿ ಇರಲಾರದವು. ಬೇರೆ ಮಾಡಲು ನೋಡಿದರೆ ಗೋಳಾಡಿದುವು. ಆನೆ ಟೋಕಿಯೋಗೆ ಬರಲಿಲ್ಲ. ಬದಲಾಗಿ ‘ಆನೆಯ ರೈಲು’ ಎಂಬ ವಿಶೇಷ ರೈಲುಗಳಲ್ಲಿ ಮಕ್ಕಳೇ ನಗೋಯಾಕ್ಕೆ ಹೋಗಿ ನೋಡಿ ಬಂದರು.

ಅಷ್ಟಕ್ಕೆ ಮಕ್ಕಳು ತೃಪ್ತರಾಗುವರೆ? ಭಾರತದ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ನೂರಾರು ಕಾಗದಗಳನ್ನು ಬರೆದರು. ಕಲಕತ್ತೆಯ ವರ್ತಕ ಹಿಮಾಂಶು ನಿಯೋಗಿ ಎಂಬುವರು ಅವುಗಳ ಕಟ್ಟನ್ನು ದೆಹಲಿಗೆ ತಂದರು. ಅಂದು ಜಪಾನು ಪರಕೀಯ ಸೇನೆಯ ಆಡಳಿತದಲ್ಲಿತ್ತು. ನಮ್ಮ ಎರಡು ದೇಶಗಳ ನಡುವಣ ಶಾಂತಿಯ ಕರಾರಿಗೆ ಸಹಿ ಬಿದ್ದದ್ದು 1952ರ ಜೂನ್ 9ರಂದು. ಕರಾರಿಗಿಂತ ಮೂರು ವರ್ಷ ಮೊದಲೇ ಆನೆ ಹೊರಟಿತು. ನೆಹರೂ ಅವರು ಜಪಾನಿನ ಮಕ್ಕಳಿಗೆ ಬರೆದ ಕಾಗದದಲ್ಲಿ ಇದು ತಮ್ಮ ಕಾಣಿಕೆಯಲ್ಲ, ಭಾರತದ ಮಕ್ಕಳು ಜಪಾನಿನ ಮಕ್ಕಳಿಗೆ ಕೊಡುವ ಕಾಣಿಕೆಯೆಂದು ತಿಳಿಸಿದ್ದರು.

ಆರಿಸಿದ ಆನೆ ನಮ್ಮ ಮೈಸೂರು ಸೀಮೆಯದು. ಹದಿನೈದು ವರ್ಷದ ಹೆಣ್ಣಾನೆ. ನೆಹರೂ ತಮ್ಮ ಮಗಳ ಹೆಸರನ್ನೇ ಅದಕ್ಕಿಟ್ಟು ‘ಇಂದಿರಾ’ ಎಂದು ಕರೆದರು. ಕಾಡಿನಲ್ಲಿ ಹೆಣ್ಣಾನೆ ತಾಯಿ, ಅಜ್ಜಿ, ಅಕ್ಕತಂಗಿಯರ ಹಿಂಡನ್ನು ಬಿಟ್ಟಿರುವುದೇ ಇಲ್ಲ. ಹದಿನೈದು ಎಂದರೆ ಇನ್ನೂ ಹರೆಯದ ಹುಡುಗಿ. ಹಡಗಿನಲ್ಲಿ ಬಂಗಾಳ ಕೊಲ್ಲಿಯಿಂದಾಚೆಗೆ ಸಾಗಿ 1949ರ ಸೆಪ್ಟೆಂಬರ್ 25ರಂದು ಅದು ಉಯೆನೊ ಮೃಗಾಲಯವನ್ನು ಸೇರಿತು. ಜೊತೆಯಲ್ಲಿ ಹೋದವರು ನಮ್ಮವರೇ ಆದ ಇಬ್ಬರು ಮಾವುತರು.

ಈಗ ನಾನು ಹೇಳಬೇಕೆಂದಿದ್ದ ಸಂಗತಿ. ಟೋಕಿಯೋ ಪಾಲಕರು ಆನೆಯನ್ನು ತಮ್ಮ ಭಾಷೆಯಲ್ಲಿ ಕರೆದರು, ಅದು ಕದಲಲಿಲ್ಲ. ಅದಕ್ಕೆ ಗೊತ್ತಿದ್ದುದು ಮಾವುತರ ಕನ್ನಡ ಮಾತು ಮಾತ್ರ. ಇಂಥ ಸಂದರ್ಭದಲ್ಲಿ ಬಲವುಳ್ಳವರು ಸಾಮಾನ್ಯವಾಗಿ ಮಾಡುವುದೇನೆಂದು ನಮಗೆಲ್ಲ ಗೊತ್ತು: ಬಂದವರು ನಮ್ಮ ಭಾಷೆ ಕಲಿಯಲಿ ಎನ್ನುತ್ತಾರೆ. ಉಯೆನೊ ಪಾಲಕರು ಹಾಗೆನ್ನಲಿಲ್ಲ. ಮಾವುತರು ಸುಮಾರು ಎರಡು ತಿಂಗಳು ಅಲ್ಲಿ ನಿಂತರು. ಅಷ್ಟು ದಿನವೂ ಪಾಲಕರು ಅವರ ಬಳಿ ಕುಳಿತು ಆನೆಗೆ ಹೇಳುವ ಮಾತುಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಿದರು. ಹೊಸಗನ್ನಡವನ್ನು ಜಪಾನಿನಲ್ಲಿ ಮೊದಲು ಪಾಠ ಹೇಳಿದವರು ಯಾವ ಪ್ರಾಧ್ಯಾಪಕರೂ ಅಲ್ಲ, ಈ ಇಬ್ಬರು ಮಾವುತರು ಎಂದು ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಪಂಡಿತ ಪರೀಕ್ಷೆ ಮಾಡಿದ ನಾನು ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು: ನಮ್ಮ ಮಾವುತರ ಆನೆಮಾತು ಕೇಶಿರಾಜನು ಮೆಚ್ಚುವಂಥ ಶುದ್ಧ ಕನ್ನಡವೇನಲ್ಲ, ಅದರಲ್ಲಿ ಉರ್ದುವಿನ ಬೆರಕೆ ಧಾರಾಳವಾಗಿದೆ. ಆದರೇನು? ಆನೆಗೆ ಅರ್ಥವಾಗುತ್ತಿತ್ತು.

ಅಕ್ಟೋಬರ್ 1ರಂದು ಆನೆಯನ್ನು ಮಕ್ಕಳಿಗೆ ಒಪ್ಪಿಸುವ ಸಮಾರಂಭ ಬಹು ವಿಜೃಂಭಣೆಯಿಂದ ನಡೆಯಿತು. ಮರುವರ್ಷ ಸಂಚಾರಿ ಮೃಗಾಲಯದೊಡನೆ ಇಂದಿರಾ ಜಪಾನಿನ ಊರೂರು ತಿರುಗಿತು. ಟೋಕಿಯೋಗೆ ಬರಲಾರದ ಮಕ್ಕಳ ಬಳಿಗೆ ಆನೆಯೇ ಹೋಯಿತು. 1957ರ ಅಕ್ಟೋಬರಿನಲ್ಲಿ ನೆಹರೂ ಅವರೂ ಮಗಳು ಇಂದಿರಾ ಗಾಂಧಿಯವರೂ ಉಯೆನೊಗೆ ಹೋಗಿ ಆನೆಯನ್ನು ಕಂಡರು. ಒಂದೇ ಹೆಸರಿನ ಇಬ್ಬರು ಎದುರುಬದುರಾದ ಆ ಕ್ಷಣವನ್ನು ನೆನೆದರೆ ಈಗಲೂ ಸಂತೋಷವಾಗುತ್ತದೆ.

ಆದರೆ ಸಂತೋಷದ ಲೆಕ್ಕವೊಂದನ್ನೇ ಬರೆದರೆ ಚರಿತ್ರೆಯಾಗದು. ಇಂದಿರಾ 1983ರ ಆಗಸ್ಟ್ 11ರಂದು ಅಲ್ಲಿಯೇ ಮಡಿಯಿತು. ಮೂವತ್ನಾಲ್ಕು ವರ್ಷ, ಮತ್ತೆ ಮೈಸೂರಿನ ಕಾಡನ್ನು ಕಾಣಲಿಲ್ಲ. ಅದೇ 1949ರ ಸೆಪ್ಟೆಂಬರಿನಲ್ಲಿ ಥಾಯ್ ದೇಶದಿಂದ ಎರಡೇ ವರ್ಷದ ಒಂದು ಮರಿಯಾನೆ ಉಯೆನೊಗೆ ಬಂದಿತ್ತು; ಹನಕೊ ಎಂದು ಹೆಸರಿಟ್ಟರು. 1954ರಲ್ಲಿ ಅದನ್ನು ಟೋಕಿಯೋದಲ್ಲಿಯೇ ಇನ್ನೊಂದು ಉದ್ಯಾನಕ್ಕೆ ಸಾಗಿಸಿದರು. 2016ರಲ್ಲಿ, ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಸಾಯುವವರೆಗೆ ಅದು ತನ್ನ ಆಯುಸ್ಸಿನ ಬಹುಭಾಗವನ್ನು ಒಂಟಿಯಾಗಿ ಕಳೆಯಿತು. ಕೊಡಗಿನ ಕಾಡಿನಲ್ಲಿ ಎಂಟು ವರ್ಷದ ಸುಮಾರಿನಲ್ಲಿ ಸೆರೆಯಾಗಿ ಮರ ಎಳೆಯುತ್ತಿದ್ದ ಅಂಬಿಕಾ ಎಂಬ ಆನೆಯನ್ನು 1961ರಲ್ಲಿ ಭಾರತದ ಮಕ್ಕಳ ಹೆಸರಿನಲ್ಲಿಯೇ ಅಮೆರಿಕಾದ ವಾಷಿಂಗ್ಟನ್ ಮೃಗಾಲಯಕ್ಕೆ ಕೊಟ್ಟರು. ಅದು 2020ರ ಮಾರ್ಚಿನಲ್ಲಿ ಅಲ್ಲಿಯೇ ಕಣ್ಣುಮುಚ್ಚಿತು. ಮಕ್ಕಳ ಸಂತೋಷಕ್ಕೆಂದು ಕೊಟ್ಟದ್ದು ನಿಜ, ಮಕ್ಕಳು ಸಂತೋಷಪಟ್ಟದ್ದೂ ನಿಜ. ನಗೋಯಾದ ಜೋಡಿಯನ್ನು ಅಗಲಿಸಲಾಗದೆ ಹಿಂದಿರುಗಿದ ಮಕ್ಕಳ ಕೋರಿಕೆಯೇ ಕೊನೆಗೆ ಮೈಸೂರಿನ ಒಂದು ಹುಡುಗಿಯನ್ನು ಅದರ ನಾಡಿನಿಂದ ಅಗಲಿಸಿತೆಂಬುದೂ ಅಷ್ಟೇ ನಿಜ. ಮಕ್ಕಳನ್ನು ದೂರಲಾಗದು. ದೊಡ್ಡವರು ಮಾಡಿದ ಕೊಲೆಗೆ ಅವರು ತಮಗೆ ತೋಚಿದ ಪರಿಹಾರವನ್ನು ಕೇಳಿದರು, ಅಷ್ಟೆ.

ಈ ಪಾಠವಾದ ಮೇಲೆ, ನೀವೇ ಟೋಕಿಯೋ ಮಕ್ಕಳಾಗಿದ್ದರೆ ಎಂಥ ಕಾಗದ ಬರೆಯುತ್ತಿದ್ದಿರಿ ಎಂದು ನಮ್ಮ ಹುಡುಗರಿಗೆ ಒಮ್ಮೆ ಕೇಳಿದೆ. ಎಲ್ಲರೂ ಆನೆ ಬೇಕೆಂದು ವಿನಯವಾಗಿ ಬರೆದರು. ಒಬ್ಬ ಹುಡುಗಿ ಮಾತ್ರ, ಮರಿ ಕಳಿಸುವುದಾದರೆ ಅದರ ಅಮ್ಮನನ್ನೂ ಕಳಿಸಿ ಎಂದು ಬರೆದಿದ್ದಳು. ಕಾಗುಣಿತ ನಾಲ್ಕು ಕಡೆ ತಪ್ಪಿತ್ತು, ನಾನು ತಿದ್ದಲಿಲ್ಲ.

ಈ ಯಾತ್ರೆ ನಿಂತಿಲ್ಲ. ಇಂದಿರಾ ಸತ್ತ ಮೇಲೆ 1984ರಲ್ಲಿ ಆಶಾ, ದಯಾ ಎಂಬ ಎರಡು ಆನೆಗಳು ಉಯೆನೊಗೆ ಹೋದುವು. 2021ರಲ್ಲಿ ಮೈಸೂರು ಮೃಗಾಲಯದಿಂದ ಮೂರು ಆನೆಗಳು ಟೊಯೊಹಾಶಿಗೆ ಹೋದುವು. 2025ರ ಜುಲೈ ತಿಂಗಳಲ್ಲಿ ಬನ್ನೇರುಘಟ್ಟದಿಂದ ಸುರೇಶ, ಗೌರಿ, ಶ್ರುತಿ, ತುಳಸಿ ಎಂಬ ನಾಲ್ಕು ಆನೆಗಳು ಹಿಮೆಜಿ ಎಂಬ ಊರಿಗೆ ಹೋದುವು. ಇವುಗಳಿಗೆ ಬದಲಾಗಿ ಚೀತಾ, ಜಾಗ್ವಾರ್, ಚಿಂಪಾಂಜಿ ಮೊದಲಾದುವನ್ನು ಕೊಡುವ ಒಪ್ಪಂದ. ಎಲ್ಲಕ್ಕೂ ಚಿಕ್ಕದಾದ ತುಳಸಿಗೆ ಐದೇ ವರ್ಷ. ಈಗ ಹಡಗಿಲ್ಲ, ಸರಕಿನ ವಿಮಾನ. ಪೆಟ್ಟಿಗೆಯಲ್ಲಿ ಹೆದರದೆ ನಿಲ್ಲುವುದನ್ನು ಅವುಗಳಿಗೆ ತಿಂಗಳುಗಟ್ಟಲೆ ಮೊದಲೇ ಅಭ್ಯಾಸ ಮಾಡಿಸಿದ್ದರು. ವೈದ್ಯರೂ ಪಾಲಕರೂ ಜೊತೆಯಲ್ಲಿ ಹೋದರು. ಒಂಟಿಯಾಗಿ ಕಳುಹಿಸದೆ ನಾಲ್ಕನ್ನೂ ಒಟ್ಟಿಗೆ ಕಳುಹಿಸಿದರಲ್ಲ, ಅದೊಂದು ಒಳ್ಳೆಯ ಬದಲಾವಣೆ. ಇನ್ನೊಂದುಂಟು: ಈ ಸಲ ಜಪಾನಿನ ಪಾಲಕರು ಆನೆ ಬರಲೆಂದು ಕಾಯದೆ ತಾವೇ ಮೊದಲು ಬನ್ನೇರುಘಟ್ಟಕ್ಕೆ ಬಂದು ಕಲಿತು ಹೋದರು.

ಇಷ್ಟೆಲ್ಲ ಕೇಳಿದ ನಮ್ಮ ಹುಡುಗ, ಆ ಭಾನುವಾರ ಮಗು ನಾಯಿಯನ್ನು ಕರೆದ ಮಾತನ್ನು ಮರೆತಿರಲಿಲ್ಲ. ‘ಒಯಿದೆ’ ಎಂದು ಅವನ ಕಿವಿಗೆ ಬಿದ್ದಿತ್ತಂತೆ. ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವನ ಚಿಕ್ಕಪ್ಪ ಅಲ್ಲಿ ಯಾರನ್ನೋ ವಿಚಾರಿಸಿ, ‘ಇಲ್ಲಿ ಬಾ’ ಎಂದರ್ಥ ಎಂದು ತಿಳಿದುಕೊಂಡು ಬಂದರು. ಈಗ ಹುಡುಗ ದಿನವೂ ಶಾಲೆಯ ಗೇಟಿನ ಬಳಿ ಮಲಗಿರುವ ನಮ್ಮ ಬೀದಿನಾಯಿಯನ್ನು ಅದೇ ಮಾತಿನಿಂದ ಕರೆಯುತ್ತಾನೆ. ಅದು ಕಿವಿ ನಿಮಿರಿಸುತ್ತದೆ, ಎದ್ದು ಬರುವುದಿಲ್ಲ.