ಫೈಲಿನೊಳಗಿನ ಹೆಸರು

ಹಳೆಯ ತಾಳೆಗರಿ ಕಟ್ಟಿಗೆ ಮುಖಪುಟವೆಂಬುದಿರಲಿಲ್ಲ. ದಾರ ಬಿಚ್ಚಿ ಹಲಗೆ ಸರಿಸಿದರೆ ನೇರ ದೇವತಾಸ್ತುತಿ. ನಾವು ಪಂಪಭಾರತ ಎನ್ನುವ ಕಾವ್ಯಕ್ಕೆ 'ವಿಕ್ರಮಾರ್ಜುನ ವಿಜಯ' ಎಂಬ ಹೆಸರನ್ನು ಪ್ರತಿ ಆಶ್ವಾಸದ ಕೊನೆಯ ಗದ್ಯ ಹೇಳುತ್ತದೆ. ಅಂಥ ಕೊನೆಯ ಗರಿಗಳು ಗೆದ್ದಲಿನ ಪಾಲಾದರೆ ಕೃತಿಯ ಹೆಸರೂ ಹೋದಂತೆ. ಅಚ್ಚಿನ ಪುಸ್ತಕ ಆ ಹೆಸರನ್ನು ಮೊದಲ ಪುಟಕ್ಕೆ ತಂದಿತು.

ಕಂಪ್ಯೂಟರ್ ಅದನ್ನು ಮತ್ತೆ ಒಳಗೆ ತಳ್ಳಿತು. ಡಾಸ್ ಕಾಲದಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ, ಚುಕ್ಕೆಯಾದ ಮೇಲೆ ಮೂರು. ವಿಂಡೋಸ್ 95 ಆ ಬಿಗಿಯನ್ನು ಸಡಿಲಿಸಿದರೂ ನಮ್ಮ ಕೈಯ ಜಿಪುಣತನ ಹೋಗಲಿಲ್ಲ. 1993ರಲ್ಲಿ ಹುಟ್ಟಿದ ಪಿಡಿಎಫ್‌ನಲ್ಲಿ, ಫೈಲಿನ ಹೆಸರಲ್ಲದೆ, ಶೀರ್ಷಿಕೆಗೆಂದೇ ಒಳಗೊಂದು ಜಾಗವಿದೆ. ನಾವು ತುಂಬದಿದ್ದರೆ ತಂತ್ರಾಂಶ ತನಗೆ ತೋಚಿದ್ದನ್ನು ತುಂಬುತ್ತದೆ.

ಇದು ನನಗೆ ತಿಳಿದದ್ದು ಡೊಂಬಿವಲಿಯ ಗೆಳೆಯರೊಬ್ಬರಿಂದ. ಅವರಿಗೆ ಕಣ್ಣು ಕಾಣದು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯನ್ನು ಓದಿ ಹೇಳುತ್ತದೆ. ನಾನೇ ಸಂಪಾದಿಸಿದ ಮೂರು ಸ್ಮರಣಸಂಚಿಕೆ ಕಳಿಸಿದ್ದೆ. ಮೂರನ್ನೂ ತೆರೆದಿಟ್ಟರು. ಒಂದರಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಯಂತ್ರ ಹೇಳಿದ್ದು, "ಮೈಕ್ರೋಸಾಫ್ಟ್ ವರ್ಡ್, ಫೈನಲ್ ನ್ಯೂ."

"ಯಾವುದು ಯಾವುದೂಂತ ನನಗೆ ಹೇಗೆ ಗೊತ್ತಾಗ್ಬೇಕು ಮಾರಾಯ್ರೆ?" ಎಂದರು.

ಡಿಟಿಪಿಯವರು ತುಂಬಿಕೊಟ್ಟ ಇನ್ನೊಂದರಲ್ಲಿ ಶೀರ್ಷಿಕೆಯಿತ್ತು, ಆದರೆ ಹಳೆಯ ನುಡಿ ಫಾಂಟಿನದು. ಆ ಬಗೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸುತ್ತವೆ. ಶೀರ್ಷಿಕೆಯ ಜಾಗದಲ್ಲಿ ಫಾಂಟು ನಡೆಯದು. ವೇಷ ಕಳಚಿ ಅರ್ಥವಿಲ್ಲದ ರೋಮನ್ ಗುರುತುಗಳು ಉಳಿಯುತ್ತವೆ, ಯಂತ್ರ ಅವನ್ನೇ ಶ್ರದ್ಧೆಯಿಂದ ಓದುತ್ತದೆ. 1991ರಲ್ಲೇ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸಂಕೇತ ಕೊಟ್ಟಿತ್ತು ಎಂಬುದು ನೆನಪಿರಲಿ.

ಕಣ್ಣಿದ್ದವರ ಪಾಡೂ ಒಂದು ಕಾಲಕ್ಕೆ ಬೇರೆಯಾಗಿರಲಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕನ್ನಡ ಪುಸ್ತಕಗಳಿಗೆ ರೋಮನ್ ಲಿಪಿಯ ಅಡ್ಡಾದಿಡ್ಡಿ ಹೆಸರುಗಳಿದ್ದವು; ಕನ್ನಡದಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ. 'ಸಂಚಯ'ದ ಗೆಳೆಯರು ಸ್ವಯಂಸೇವಕರನ್ನು ಸೇರಿಸಿ, ಅವುಗಳ ಜೊತೆಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹದ ಹೆಸರುಗಳನ್ನೂ ಕನ್ನಡಕ್ಕೆ ತಂದರು. ನನ್ನ ಮಟ್ಟಿಗೆ ಇದು ಗ್ರಂಥಸಂಪಾದನೆಗೆ ಕಡಿಮೆಯ ಕೆಲಸವಲ್ಲ.

ಜಾಲಪುಟದ ಶೀರ್ಷಿಕೆ ಅದರ ವಿಷಯವನ್ನು ತಿಳಿಸಬೇಕೆಂದು 2008ರ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿ ಹೇಳಿತು. ಪಿಡಿಎಫ್ ತೆರೆದಾಗ ಫೈಲಿನ ಹೆಸರಲ್ಲ, ಶೀರ್ಷಿಕೆಯೇ ಕಾಣಬೇಕೆಂದು 2012ರ ಪಿಡಿಎಫ್/ಯುಎ ವಿಧಿಸಿತು.

ಸಂಘದ ಹಳೆಯ ಹನ್ನೊಂದು ಸಂಚಿಕೆಗಳು ನನ್ನಲ್ಲಿವೆ. ನಾಲ್ಕಕ್ಕೆ ಯೂನಿಕೋಡಿನಲ್ಲಿ ಹೆಸರು, ವರ್ಷ ತುಂಬಿ ಡೊಂಬಿವಲಿಗೆ ಕಳಿಸಿದ್ದೇನೆ. ಐದನೆಯದು ಯಾವ ವರ್ಷದ್ದೋ ತಿಳಿಯುತ್ತಿಲ್ಲ. ಯಾರೋ ಮುಖಪುಟ ಬಿಟ್ಟು ಸ್ಕ್ಯಾನ್ ಮಾಡಿದ್ದಾರೆ.